ನಾಯಿ ವಾಕಿಂಗ್‌ನ ಕೊಟ್ಟೆ: ಮಾಲು ಚಲೋ ಇದೆ, ಪಕ್ಕದ ಮನೆ ಬಕೆಟ್ಟಿಗೆ ಮಾತ್ರ ಬೇಡ

ನಾಯಿಯನ್ನು ಹೊರಗೆ ಕರೆದುಕೊಂಡು ಹೋದಾಗ ಅದು ಮಾಡಿದ ಕಕ್ಕವನ್ನು ಎತ್ತಿಕೊಳ್ಳಲು ಸುರುಳಿ ಕೊಟ್ಟೆಗಳು, ಅಂದರೆ ತೆಳ್ಳನೆಯ ಚೀಲಗಳು, ಬರುತ್ತವಲ್ಲ, ಅವುಗಳ ಬಗ್ಗೆ ಬರೆಯುತ್ತಿದ್ದೇನೆ. ಎಲುಬಿನ ಆಕಾರದ ಪುಟ್ಟ ಡಬ್ಬಿ, ಒಳಗೆ ಸುರುಳಿ, ಒಂದು ಸುರುಳಿಗೆ 15 ಕೊಟ್ಟೆ. ಡಬ್ಬಿಗೊಂದು ಕೊಕ್ಕೆ ಇರುತ್ತದೆ, ಚೈನಿಗೆ ಸಿಕ್ಕಿಸಿದರೆ ಆಯ್ತು. ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಇದೇ ಮಾಲು ನಾಲ್ಕಾರು ಹೆಸರಿನಲ್ಲಿ ಬರುತ್ತದೆ. ಹೆಸರಿಗಿಂತ ಪೊಟ್ಟಣದ ಹಿಂದೆ ಏನು ಬರೆದಿದೆ ಎಂಬುದನ್ನು ನೋಡಬೇಕು. ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆ ಕಾರವಾರದ ಕಾಜುಬಾಗದಲ್ಲಿ. ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು, ಓಣಿಯವರಿಗೆಲ್ಲ ಇವತ್ತಿಗೂ ಅಕ್ಕೋರೇ. ನಾಯಿ ಊರ ತಳಿಯದ್ದು, ಹೆಸರು ಕರಿಯ. ಬೆಳಿಗ್ಗೆ ಮತ್ತು ಸಂಜೆ ಅವನೊಂದಿಗೆ ಟಾಗೋರ್ ಕಡಲತೀರದವರೆಗೆ ಹೋಗಿ ಬರುವುದು ರೂಢಿ. ಕೊಟ್ಟೆಯನ್ನು ಸುಡುಬಿಸಿಲಿನಲ್ಲೂ ಬಳಸಿದ್ದೇನೆ, ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚೈನು ಹಿಡಿದುಕೊಂಡೂ ಬಳಸಿದ್ದೇನೆ.

ಮೊದಲು ಮಾಲಿನ ವಿಷಯ. ಅಳತೆ ಸಾಕಾಗುತ್ತದೆ. ಕೊಟ್ಟೆಯನ್ನು ಅಂಗೈಗೆ ತೊಟ್ಟು, ಎತ್ತಿ, ಹಾಗೇ ಒಳಮಗ್ಗುಲು ಹೊರಗೆ ಮಾಡಿದರೆ ಗಂಟು ಹಾಕುವಷ್ಟು ಬಾಯಿ ಉಳಿಯುತ್ತದೆ. ಇದು ಸಣ್ಣ ಮಾತಲ್ಲ. ಹಿಂದೆ ನಾನು ಹಾಲಿನ ಕೊಟ್ಟೆ ತೊಳೆದು ಇಟ್ಟುಕೊಳ್ಳುತ್ತಿದ್ದೆ, ಅದರಲ್ಲಿ ಗಂಟು ಬೀಳುವುದಿಲ್ಲ, ರಬ್ಬರ್ ಬ್ಯಾಂಡು ಬೇಕು. ಪೇಪರಿನ ಪೊಟ್ಟಣ ಬೇಸಿಗೆಗೆ ನಡೆಯುತ್ತದೆ, ಜೂನ್ ಬಂತೆಂದರೆ ಕೈಯಲ್ಲೇ ಹರಿಯುತ್ತದೆ. ಈ ಕೊಟ್ಟೆ ಹೊಸದಿದ್ದಾಗ ಚೆನ್ನಾಗಿ ತಡೆಯುತ್ತದೆ. ಮರಳಿನೊಳಗಿನ ಚಿಪ್ಪಿನ ಚೂರು ತಾಗಿದರೆ ಮಾತ್ರ ತೂತಾಗುತ್ತದೆ, ಹಾಗಾಗಿ ತೀರದಲ್ಲಿ ಎತ್ತುವಾಗ ಒಂದರ ಮೇಲೊಂದು ಎರಡು ತೊಟ್ಟುಕೊಳ್ಳುವುದು ಒಳ್ಳೆಯದು. ಲ್ಯಾವೆಂಡರ್ ವಾಸನೆಯದ್ದು ಕೊಳ್ಳಬೇಡಿ. ಆ ಸೆಂಟಿಗೆ ನಾತ ಮುಚ್ಚುವುದಿಲ್ಲ, ಎರಡೂ ಕೂಡಿ ತಲೆನೋವು ಬರುತ್ತದೆ.

ಇನ್ನು ಪೊಟ್ಟಣದ ಹಿಂದಿನ ಬರಹ. "ಬಯೋಡಿಗ್ರೇಡಬಲ್" ಎಂದು ಹಸಿರು ಎಲೆಯ ಚಿತ್ರ ಹಾಕಿ ಮಾರುವವರು ಬಹಳ. ಅದನ್ನು ನೋಡಿ ಮರುಳಾಗಬಾರದು. "ಕಾಂಪೋಸ್ಟೆಬಲ್" (ಗೊಬ್ಬರವಾಗಬಲ್ಲದ್ದು) ಎಂದಿರಬೇಕು, ಐಎಸ್ 17088 ಎಂಬ ಮಾನಕದ ಸಂಖ್ಯೆ ಇರಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಬೇಕು. 2022ರ ಕೊನೆಯಿಂದ 120 ಮೈಕ್ರಾನ್‌ಗಿಂತ ತೆಳ್ಳಗಿನ ಪ್ಲಾಸ್ಟಿಕ್ ಕೈಚೀಲ ನಡೆಯುವುದಿಲ್ಲ, ಕಾಂಪೋಸ್ಟೆಬಲ್ ಚೀಲಕ್ಕೆ ಮಾತ್ರ ಆ ದಪ್ಪದ ಮಿತಿ ಇಲ್ಲ. ಹಾಗೆಂದು ಅದನ್ನು ಎಲ್ಲೋ ಬಿಸಾಕಿದರೆ ಕರಗಿ ಹೋಗುತ್ತದೆ ಎಂದಲ್ಲ. ಆ ಮಾನಕದ ಪರೀಕ್ಷೆ ನಡೆಯುವುದು 58 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ, ಅಷ್ಟು ಬಿಸಿಯಲ್ಲೂ 180 ದಿನದವರೆಗೆ ಸಮಯ ಕೊಡುತ್ತಾರೆ. ನಮ್ಮ ಹಿತ್ತಿಲಿನ ಗೊಬ್ಬರಗುಂಡಿ ಅಷ್ಟು ಕಾಯುವುದಿಲ್ಲ. ಗಾಳಿಮರದ ಬುಡದಲ್ಲಿ ಎಸೆದ ಕೊಟ್ಟೆ ಮಳೆಗಾಲ ಕಳೆದರೂ ಅಲ್ಲೇ ಇರುತ್ತದೆ, ನೋಡಬೇಕೆಂದರೆ ತೀರಕ್ಕೆ ಬನ್ನಿ.

ಮಾಲಿನ ಒಂದು ಕೊರತೆ ನಮ್ಮ ಕರಾವಳಿಯವರಿಗೇ ಕಾಣುವಂಥದ್ದು. ಈ ಕೊಟ್ಟೆಯಲ್ಲಿ ಪಿಷ್ಟದ ಅಂಶ ಇರುವುದರಿಂದ ತೇವ ಹೀರುತ್ತದೆ. ಉಪ್ಪುಗಾಳಿ, ತೇವ, ಸೆಕೆ ಮೂರೂ ಸೇರಿ ಡಬ್ಬಿಯಲ್ಲೇ ಜಿಗುಟಾಗುತ್ತದೆ, ಒಂದು ಎಳೆದರೆ ಎರಡು ಬರುತ್ತದೆ, ಬಾಯಿ ಬಿಡಿಸುವಷ್ಟರಲ್ಲಿ ಹರಿಯುತ್ತದೆ. ಆದ್ದರಿಂದ ಅಗ್ಗ ಎಂದು ವರ್ಷಕ್ಕಾಗುವಷ್ಟು ತರಿಸಿ ಇಡಬೇಡಿ. ಉಳಿದ ಸುರುಳಿಗಳನ್ನು ನಾನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಹಪ್ಪಳ ಇಡುವ ಕಪಾಟಿನಲ್ಲಿ ಇಡುತ್ತೇನೆ. ಮನೆಯಲ್ಲಿ ಒಣಗಿರುವ ಜಾಗ ಅದೊಂದೇ.

ಇಷ್ಟು ಕೊಟ್ಟೆಯ ಗುಣದೋಷ. ಆದರೆ ಎತ್ತಿ ಗಂಟು ಹಾಕಿದ ಮೇಲೆ ಆ ಕೊಟ್ಟೆ ಎಲ್ಲಿಗೆ ಹೋಗಬೇಕು ಎಂಬುದನ್ನು ಯಾವ ಪೊಟ್ಟಣದ ಮೇಲೂ ಬರೆದಿರುವುದಿಲ್ಲ. ನಾನು ಬರೆಯಲು ಕುಳಿತದ್ದು ಮುಖ್ಯವಾಗಿ ಅದಕ್ಕೇ.

ನಮ್ಮ ಓಣಿಯಲ್ಲಿ ಕಸದ ಗಾಡಿ ಬೆಳಿಗ್ಗೆ ಬರುತ್ತದೆ. ಹಾಡು ಕೇಳಿದ ಕೂಡಲೇ ಎಲ್ಲರೂ ಬಕೆಟ್ಟು ತಂದು ಗೇಟಿನ ಹೊರಗೆ ಇಡುತ್ತಾರೆ. ಹಸಿರಿನದ್ದು ಹಸಿ ಕಸಕ್ಕೆ, ನೀಲಿಯದ್ದು ಒಣ ಕಸಕ್ಕೆ. ಗಾಡಿ ಹೋದ ಮೇಲೆ ಖಾಲಿ ಬಕೆಟ್ಟು ಕೆಲವರ ಮನೆಯಲ್ಲಿ ಕೂಡಲೇ ಒಳಗೆ ಹೋಗುತ್ತದೆ, ಕೆಲಸಕ್ಕೆ ಹೋಗುವವರ ಮನೆಯಲ್ಲಿ ಸಂಜೆಯವರೆಗೂ ಗೇಟಿಗೇ ಇರುತ್ತದೆ. ನಾಯಿ ಹಿಡಿದುಕೊಂಡು ಬರುವವರ ಕಣ್ಣಿಗೆ ಬೀಳುವುದು ಈ ಖಾಲಿ ಬಕೆಟ್ಟು. ಕೈಯಲ್ಲಿ ಗಂಟು ಹಾಕಿದ ಕೊಟ್ಟೆ, ಎದುರಿಗೆ ಬಕೆಟ್ಟು, ಮುಚ್ಚಳವೂ ಇಲ್ಲ. ಹಾಕಿ ಹೋಗುತ್ತಾರೆ.

ಒಂದು ದಿನ ಪೇಟೆಯಿಂದ ಬರುವಾಗ ನಮ್ಮ ಹಸಿರು ಬಕೆಟ್ಟಿನ ತಳದಲ್ಲಿ ನೇರಳೆ ಬಣ್ಣದ ಕೊಟ್ಟೆ ಕಂಡಿತು. ಹಿಂದಿನ ದಿನದ ಬಂಗಡೆಯ ಕಿವಿರು, ತೊಳೆದ ನೀರಿನ ಜಿಡ್ಡು ತಳಕ್ಕೆ ಅಂಟಿತ್ತಲ್ಲ, ಅದರ ಮೇಲೆ ಬಿದ್ದ ಕೊಟ್ಟೆ ಬಿಸಿಲಿಗೆ ಅಲ್ಲೇ ಕಚ್ಚಿಕೊಂಡಿತ್ತು. ಮಗುಚಿ ತಟ್ಟಿದೆ, ಬೀಳಲಿಲ್ಲ. ಕಡ್ಡಿಯಿಂದ ಎಬ್ಬಿಸಿದಾಗ ಗಂಟಿನ ಹತ್ತಿರ ಹರಿದು ಒಳಗಿದ್ದದ್ದು ಬಕೆಟ್ಟಿಗೆ ಮೆತ್ತಿತು. ಆಮೇಲೆ ಬಾವಿಕಟ್ಟೆಯಿಂದ ದೂರ ಒಯ್ದು, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿದ್ದಾಯಿತು. ನಮ್ಮ ಕರಿಯನದ್ದನ್ನು ನಾನು ದಿನವೂ ಎತ್ತುತ್ತೇನೆ, ಹೇಸಿಗೆ ಅನ್ನಿಸುವುದಿಲ್ಲ. ಇನ್ನೊಬ್ಬರ ನಾಯಿಯ ಹೇಲನ್ನು ನನ್ನ ಅಡಿಗೆಮನೆಯ ಬಕೆಟ್ಟಿನಿಂದ ಕೆರೆಯುವಾಗ ಸಿಟ್ಟು ಬಂದದ್ದು ನಿಜ.

ಅಡಿಗೆಮನೆಯ ಬಕೆಟ್ಟು ಎಂದದ್ದು ಬೇಕೆಂದೇ. ಈ ಹಸಿರು ಬಕೆಟ್ಟು ಬೀದಿಯದ್ದಲ್ಲ. ಗೇಟಿನ ಹೊರಗೆ ಅದು ಇರುವುದು ಸ್ವಲ್ಪ ಹೊತ್ತು, ಉಳಿದ ಹೊತ್ತೆಲ್ಲ ಅಡಿಗೆಮನೆಯ ಹಿಂಬಾಗಿಲಿಗೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಇರುತ್ತದೆ. ಮೀನಿನ ಮುಳ್ಳು, ಬಾಳೆಎಲೆ, ಕಾಯಿ ತುರಿದ ಚೂರು ಅದಕ್ಕೆ ಹೋಗುತ್ತದೆ. ಅದನ್ನು ದಿನವೂ ತೊಳೆಯುವವರು ಮನೆಯ ಹೆಂಗಸರು, ಬರಿಗೈಯಲ್ಲಿ. ಬೀದಿಯಲ್ಲಿ ಕಂಡಿತು ಎಂದು ಅದಕ್ಕೆ ನಾಯಿಯ ಕಕ್ಕ ಹಾಕುವುದು ಅವರ ಅಡಿಗೆಮನೆಯ ಬಾಗಿಲಿಗೆ ತಂದು ಇಟ್ಟ ಹಾಗೆಯೇ. ಕೊಟ್ಟೆ ಎಷ್ಟು ಗಟ್ಟಿಯಾಗಿರಲಿ, ಗಂಟು ಎಷ್ಟು ಬಿಗಿಯಾಗಿರಲಿ, ಈ ಮಾತು ಬದಲಾಗುವುದಿಲ್ಲ.

ಹಾಕಿದವನು ಯಾರೆಂದು ತಿಳಿಯುವುದು ಕಷ್ಟವಾಗಲಿಲ್ಲ. ಆ ನೇರಳೆ ಕೊಟ್ಟೆ ಓಣಿಯಲ್ಲಿ ಇನ್ನೊಬ್ಬರ ಹತ್ತಿರ ಇರಲಿಲ್ಲ. ಹಿಂದಿನ ಸಾಲಿನ ಬಾಡಿಗೆ ಮನೆಯ ಹುಡುಗ, ಲ್ಯಾಬ್ರಡಾರ್ ಸಾಕಿದ್ದಾನೆ. ಸಂಜೆ ಗೇಟಿನ ಎದುರು ಬಂದಾಗ ಕರೆದು ಕೇಳಿದೆ.

"ತಮಾ, ನಮ್ಮ ಬಕೆಟ್ಟಿಗೆ ಕೊಟ್ಟೆ ಹಾಕಿದ್ದು ನೀನೇನೋ?"

"ಹೌದು ಅಕ್ಕೋರೆ. ಗಂಟು ಹಾಕಿಯೇ ಹಾಕಿದ್ದೆ. ರಸ್ತೆಲೆಲ್ಲೂ ಬಿಟ್ಟಿಲ್ಲ."

"ಬಿಟ್ಟಿಲ್ಲ, ಅದು ಒಳ್ಳೇದೇ. ಆದರೆ ಗಾಡಿ ಹೋಗಿ ಆಗಿತ್ತಲ್ಲ. ನಾಳೆವರೆಗೆ ಅದು ಯಾರ ಮನೇಲಿ ಇರಬೇಕು?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ನನ್ನ ಮನೇಲಿ ಇಡೋದಕ್ಕೆ ಜಾಗ ಇಲ್ಲ, ಒಂದೇ ರೂಮು, ನಾತ ಬರ್ತದೆ" ಎಂದ. ನಾತ ಬರುತ್ತದೆ ಎಂದು ಅವನಿಗೂ ಗೊತ್ತಿತ್ತು. ಕೆಟ್ಟ ಹುಡುಗ ಅಲ್ಲ. ಎತ್ತದೆ ಹೋಗುವವರು ಎಷ್ಟೋ ಜನರಿದ್ದಾರೆ, ಇವನು ಎತ್ತುತ್ತಿದ್ದ. ಬೈಯದೆ, ನಾನು ಏನು ಮಾಡುತ್ತೇನೆ ಎಂಬುದನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದೆ.

ನನ್ನದು ಬಣ್ಣದ ಹಳೆಯ ಡಬ್ಬಿ, 4 ಲೀಟರಿನದ್ದು, ಒತ್ತಿದರೆ ಟಕ್ ಎಂದು ಕೂರುವ ಮುಚ್ಚಳ. ತಳದಲ್ಲಿ ಒಂದು ಹಿಡಿ ಬೂದಿ ಅಥವಾ ಮರದ ಹೊಟ್ಟು. ಕೊಟ್ಟೆಯನ್ನು ಹಾಕಿ ಮೇಲೆ ಇನ್ನೊಂದಿಷ್ಟು ಉದುರಿಸಿ ಮುಚ್ಚಿದರೆ ಪಕ್ಕದಲ್ಲಿ ನಿಂತರೂ ವಾಸನೆ ಬರುವುದಿಲ್ಲ. ನೆರಳಿನಲ್ಲಿ ಇಡಬೇಕು, ಬಿಸಿಲಿಗೆ ಇಟ್ಟರೆ ಒಳಗೆ ಉಬ್ಬಿ ಮುಚ್ಚಳ ಸಡಿಲವಾಗುತ್ತದೆ. ಹುಳ ಆಗುವುದು ನೊಣ ಕುಳಿತರೆ, ಮುಚ್ಚಿದ ಡಬ್ಬಿಗೆ ನೊಣ ಇಲ್ಲ. ಕಾಗೆ ಮತ್ತು ಬೀದಿನಾಯಿಗಳ ಕಾಟವೂ ಇಲ್ಲ. ಮುಚ್ಚಳವಿಲ್ಲದ ಬಕೆಟ್ಟಿನಲ್ಲಿದ್ದರೆ ಅವು ಕೊಟ್ಟೆ ಎಳೆದು ರಸ್ತೆಯ ಮಧ್ಯೆ ಹರಿಯುತ್ತವೆ, ಆಮೇಲೆ ಬೈಗುಳ ತಿನ್ನುವವರು ಆ ಮನೆಯವರು. ಈಗ ಆ ಹುಡುಗನೂ ಅಂಥದೊಂದು ಡಬ್ಬಿ ಬಚ್ಚಲಿನ ಹೊರಗೆ ಇಟ್ಟುಕೊಂಡಿದ್ದಾನೆ. ಈ ಎಲುಬಿನ ಡಬ್ಬಿ ಮಾರುವವರು ಜೊತೆಗೆ ಇಂಥ ಮುಚ್ಚಳದ ಡಬ್ಬಿಯನ್ನೂ ಕೊಟ್ಟಿದ್ದರೆ ಮಾಲು ಪೂರ್ತಿ ಆಗುತ್ತಿತ್ತು.

ಬೆಳಿಗ್ಗೆ ಗಾಡಿ ಬಂದಾಗ ಬೇರೆಯಾಗಿಯೇ ಕೊಡುತ್ತೇನೆ. ಹಸಿ ಕಸಕ್ಕೆ ಹಾಕುವುದಿಲ್ಲ, ಏಕೆಂದರೆ ಹಸಿ ಕಸ ಗೊಬ್ಬರಕ್ಕೆ ಹೋಗುತ್ತದೆ, ಆ ಗೊಬ್ಬರ ಕಾಯಿಪಲ್ಲೆಯ ಗದ್ದೆಗೂ ಹೋಗಬಹುದು. ಒಣ ಕಸಕ್ಕೂ ಬಿಡಿಯಾಗಿ ಹಾಕುವುದಿಲ್ಲ, ಏಕೆಂದರೆ ಒಣ ಕಸವನ್ನು ಯಾರೋ ಕೈಯಿಂದ ಬಿಡಿಸುತ್ತಾರೆ. ಬಾಟಲಿ ಬೇರೆ, ರಟ್ಟು ಬೇರೆ, ಹಾಲಿನ ಕೊಟ್ಟೆ ಬೇರೆ ಮಾಡುವಾಗ ಗಂಟು ಹಾಕಿದ ಕೊಟ್ಟೆ ಸಿಕ್ಕರೆ ಒಳಗೆ ಏನಿದೆ ಎಂದು ಬಿಚ್ಚಿ ನೋಡಲೇಬೇಕು. ಗಾಡಿಯೊಂದಿಗೆ ಬರುವ ಹೆಣ್ಣುಮಗಳನ್ನು ಒಮ್ಮೆ ಕೇಳಿದ್ದೆ, "ಇದನ್ನ ಎಲ್ಲಿ ಹಾಕಿದ್ರೆ ನಿಮಗೆ ಅನುಕೂಲ ತಂಗಿ?" ಎಂದು. ಡೈಪರು, ಪ್ಯಾಡು ಹಾಕಲು ಗಾಡಿಯ ಪಕ್ಕಕ್ಕೆ ಕಟ್ಟಿದ ಚೀಲ ತೋರಿಸಿ, "ಇದರಲ್ಲಿ ಹಾಕಿ ಅಕ್ಕೋರೆ, ಆದ್ರೆ ನಾಯಿದು ಅಂತ ಹೇಳಿ ಕೊಡಿ, ನಾವು ಬಿಚ್ಚೂದಿಲ್ಲ" ಎಂದಳು. ಘನತ್ಯಾಜ್ಯ ನಿಯಮದಲ್ಲೂ ಡೈಪರು, ಪ್ಯಾಡುಗಳನ್ನು ಸುತ್ತಿ ಕೊಡಬೇಕು ಎಂದಿದೆ. ಬೇರೆ ಊರಿನಲ್ಲಿ ವ್ಯವಸ್ಥೆ ಬೇರೆ ಇರಬಹುದು. ನಿಮ್ಮ ಗಾಡಿಯವರನ್ನೇ ಕೇಳಿ, ಎತ್ತುವವರು ಅವರು.

ಯಾಕೆ ಇಷ್ಟು ಪಡಿಪಾಟಲು, ಗೊಬ್ಬರವೇ ತಾನೆ, ದನದ ಸಗಣಿಯ ಹಾಗೆ ಎಂದು ಕೇಳುವವರಿದ್ದಾರೆ. ಹಾಗಲ್ಲ. ನಾಯಿಯ ಕರುಳಿನಲ್ಲಿ ಜಂತುಹುಳ, ಕೊಕ್ಕೆಹುಳ ಇರುತ್ತವೆ. ಮರಿಗಳಿಗಂತೂ ತಾಯಿಯಿಂದಲೇ ಬರುತ್ತವೆ. ಟೊಕ್ಸೊಕಾರಾ ಎಂಬ ಜಂತುಹುಳದ ಮೊಟ್ಟೆ ಕಕ್ಕದೊಂದಿಗೆ ಹೊರಬಿದ್ದು, ಎರಡು ಮೂರು ವಾರದಲ್ಲಿ ರೋಗ ತರುವ ಹಂತಕ್ಕೆ ಬಂದು, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಕಕ್ಕ ಕಾಣದಂತಾದ ಮೇಲೂ ಮೊಟ್ಟೆ ಇರುತ್ತದೆ. ಮಣ್ಣಾಟ ಆಡಿದ ಮಗು ಕೈ ಬಾಯಿಗೆ ಹಾಕಿದರೆ ಹೊಟ್ಟೆಗೆ ಹೋಗುತ್ತದೆ, ಅಲ್ಲಿಂದ ಯಕೃತ್ತಿಗೆ, ಕೆಲವೊಮ್ಮೆ ಕಣ್ಣಿಗೂ. ಕೊಕ್ಕೆಹುಳದ ಮರಿಗೆ ಬಾಯಿಯೂ ಬೇಡ. ಬೆಚ್ಚಗಿನ ಒದ್ದೆ ಮರಳಿದ್ದರೆ ಸಾಕು, ಬರಿಗಾಲಿನ ಚರ್ಮ ಕೊರೆದು ಒಳಗೆ ಸೇರುತ್ತದೆ, ಪಾದದ ಮೇಲೆ ಕೆಂಪು ಗೆರೆ ಹಾವಿನಂತೆ ಹರಿದು ವಿಪರೀತ ತುರಿಸುತ್ತದೆ.

ಬೆಚ್ಚಗಿನ ಒದ್ದೆ ಮರಳು, ಬರಿಗಾಲು. ಕಾರವಾರದಲ್ಲಿ ಇವೆರಡಕ್ಕೂ ಬರವಿಲ್ಲ. ರಂಪಣಿ ಬಲೆ ಎಳೆಯುವಾಗ ಹಗ್ಗಕ್ಕೆ ಸಾಲಾಗಿ ನಿಂತವರ ಕಾಲು ನೋಡಿ, ಯಾರ ಕಾಲಿನಲ್ಲೂ ಚಪ್ಪಲಿ ಇರುವುದಿಲ್ಲ, ಹಿಮ್ಮಡಿಯನ್ನು ಮರಳಿಗೆ ಊರಿ ಊರಿ ಎಳೆಯುತ್ತಾರೆ. ಮೀನು ಒಣಗಿಸುವುದೂ ಈ ಕರಾವಳಿಯ ಮರಳಿನ ಮೇಲೆಯೇ. ರಜೆಗೆ ಬಂದ ಮಕ್ಕಳು ಯುದ್ಧನೌಕೆ ವಸ್ತುಸಂಗ್ರಹಾಲಯ ನೋಡಿ ಸೀದಾ ನೀರಿಗೆ ಓಡುತ್ತಾರೆ. ಅಲ್ಲಿ ನಾಯಿ ಮಾಡಿದ್ದನ್ನು ಕಾಲಿನಿಂದ ಮರಳು ಎಳೆದು ಮುಚ್ಚಿ ಹೋಗುವವರನ್ನು ಕಂಡರೆ ನನಗೆ ತಡೆಯಲಾಗುವುದಿಲ್ಲ, ಹೋಗಿ ಹೇಳುತ್ತೇನೆ, ನನ್ನ ಸುರುಳಿಯಿಂದ ಒಂದು ಕೊಟ್ಟೆ ಹರಿದು ಕೊಡುತ್ತೇನೆ. ಮುಚ್ಚಿದರೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ತುಳಿಯುವುದು ಇನ್ನೂ ಸುಲಭ.

ಮನೆಯಲ್ಲೇ ಹುಗಿಯಬಹುದೇ ಎಂದರೆ, ನಮ್ಮ ಕಡೆ ಬಾವಿಯನ್ನು ನೋಡಿ ಹೇಳಬೇಕು. ಕಾಜುಬಾಗ, ಕೋಡಿಬಾಗದ ಕಡೆಯೆಲ್ಲ ಮರಳುಮಣ್ಣು, ಜುಲೈ ಹೊತ್ತಿಗೆ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ. ಗುಂಡಿ ತೋಡಿದರೆ ನೀರು ಜಿನುಗುತ್ತದೆ. ಆಗ ಹುಗಿದದ್ದೆಲ್ಲ ನಾವು ಕುಡಿಯುವ ನೀರಿಗೇ ಸೇರುತ್ತದೆ. ಬೇಸಿಗೆಯಲ್ಲಿ, ಬಾವಿಯಿಂದ ದೂರ, ದಾಸವಾಳದ ಬುಡಕ್ಕೆ ಹುಗಿದರೆ ಅಡ್ಡಿ ಇಲ್ಲ, ಕೊಟ್ಟೆ ಇಲ್ಲದೆ. ಬಸಳೆ, ಹರಿವೆ ಬೆಳೆಯುವ ಜಾಗಕ್ಕೆ ಯಾವ ಕಾಲಕ್ಕೂ ಬೇಡ. ಪಾಯಖಾನೆಗೆ ಹಾಕಿ ನೀರು ಬಿಡುವವರೂ ಇದ್ದಾರೆ, ಅಂಗಳದಲ್ಲಿ ಮಾಡಿದ್ದಕ್ಕೆ ಅದೂ ಆಗುತ್ತದೆ. ಕೊಟ್ಟೆಯನ್ನು ಮಾತ್ರ ಬಿಡಬಾರದು, ಕಾಂಪೋಸ್ಟೆಬಲ್ ಆದರೂ ಪೈಪು ಕಟ್ಟುತ್ತದೆ. ತೀರದಲ್ಲಿ ಎತ್ತಿದ್ದಂತೂ ಅರ್ಧ ಮರಳೇ, ಅದು ಟ್ಯಾಂಕಿನ ತಳದಲ್ಲಿ ಕೂತರೆ ಆಮೇಲೆ ತೆಗೆಸುವುದು ಕಷ್ಟ.

ಇನ್ನೊಬ್ಬರ ಬಕೆಟ್ಟು ಯಾವತ್ತೂ ಮುಟ್ಟಬಾರದೇ ಎಂದರೆ, ಕೇಳಿ ಮುಟ್ಟಬಹುದು. ನಾವು ಬೆಳಗಿನ ಬಸ್ಸಿಗೆ ಶಿರಸಿಗೆ ಹೋಗುವುದಿದ್ದರೆ ಎದುರು ಮನೆಯವರಿಗೆ ಹಿಂದಿನ ದಿನವೇ ಹೇಳುತ್ತೇನೆ. ಅವರು "ಇಡಿ ಅಕ್ಕೋರೆ, ಗಾಡಿ ಬಂದಾಗ ಕೊಡ್ತೆ" ಎನ್ನುತ್ತಾರೆ. ಆಗಲೂ ಅವರ ಬಕೆಟ್ಟಿಗೆ ಹಾಕುವುದಿಲ್ಲ, ನನ್ನ ಡಬ್ಬಿಯನ್ನೇ ಮುಚ್ಚಳ ಸಮೇತ ಅವರ ಗೇಟಿನ ಹೊರಗೆ ಇಡುತ್ತೇನೆ. ಅವರ ಮನೆಗೆ ನೆಂಟರು ಬಂದ ದಿನ ಕೇಳುವುದೂ ಇಲ್ಲ. ಬೀದಿಯ ಸಾರ್ವಜನಿಕ ಡಬ್ಬಿಯ ಮಾತು ಬೇರೆ, ಅದು ಇರುವುದೇ ದಾರಿಹೋಕರಿಗೆ. ತುಂಬಿ ಹೊರಗೆ ಚೆಲ್ಲುತ್ತಿದ್ದರೆ ಮಾತ್ರ ಅದರ ಬುಡದಲ್ಲಿ ಇಟ್ಟು ಬರಬೇಡಿ, ಮನೆಗೆ ತನ್ನಿ. ಗಂಟು ಹಾಕಿದ ಕೊಟ್ಟೆ ಹಿಡಿದು ಊರೊಳಗೆ ನಡೆಯಲು ನಾಚಿಕೆ ಎನ್ನುವವರು ಒಂದು ಬಟ್ಟೆಯ ಚೀಲ ಇಟ್ಟುಕೊಳ್ಳಲಿ. ನನ್ನ ಹೆಗಲಿನಲ್ಲಿ ಇರುವುದು ಹಳೆಯ ಪ್ಯಾಂಟಿನ ಬಟ್ಟೆಯಲ್ಲಿ ನಾನೇ ಹೊಲಿದದ್ದು, ಒಳಗೆ ರೆಕ್ಸಿನ್ ಇದೆ, ವಾರಕ್ಕೊಮ್ಮೆ ಒಗೆದರೆ ಸಾಕು.

ಬೆಲೆಯ ಲೆಕ್ಕಕ್ಕೆ ಬಂದರೆ, ಒಂದು ಕೊಟ್ಟೆಗೆ ಸುಮಾರು 3 ರೂಪಾಯಿ ಬೀಳುತ್ತದೆ. ದಿನಕ್ಕೆ ಎರಡು ಎಂದರೆ ತಿಂಗಳಿಗೆ 180. ಪಿಂಚಣಿಯಲ್ಲಿ ಬದುಕುವ ನನಗೂ ಇದು ಹೊರೆಯಲ್ಲ, ನಾಯಿಯ ಊಟ, ಸೂಜಿ, ಮೂರು ತಿಂಗಳಿಗೊಮ್ಮೆ ಕೊಡುವ ಜಂತಿನ ಮಾತ್ರೆಯ ಜೊತೆ ಇದೂ ಒಂದು ಖರ್ಚು. ಆ ಮಾತ್ರೆಯನ್ನು ತಪ್ಪಿಸಬೇಡಿ, ಕೊಟ್ಟೆ ಕೊಳ್ಳುವುದಕ್ಕಿಂತ ಮೊದಲು ಬೇಕಾದದ್ದು ಅದು.

ಎಲುಬಿನ ಡಬ್ಬಿಯ ಕೊಕ್ಕೆ ಬೇಗ ಮುರಿಯುತ್ತದೆ, ಕೀಲಿಕೈಯ ಉಂಗುರ ಹಾಕಿಕೊಳ್ಳಿ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಸಾಕಿದವರು ಅಗಲದ ಅಳತೆಯನ್ನೇ ತರಿಸಿ, ಇದು ಅವಕ್ಕೆ ಸಾಲುವುದಿಲ್ಲ. ಮಳೆಗಾಲದಲ್ಲಿ ಒಮ್ಮೆಗೆ ಎರಡು ಮೂರು ಸುರುಳಿ ಮಾತ್ರ ತನ್ನಿ, ಹೆಚ್ಚಿಗೆ ತರುವುದಿದ್ದರೆ ದಸರೆ ಕಳೆದ ಮೇಲೆ.